ಮೂವತ್ತೇಳನೆಯ ಗಾಜು

ಗಾಜಿನ ಪಟ್ಟಿಗಳ ತಟ್ಟೆಯಲ್ಲಿ ಒಂದಕ್ಕೆ ಮಾತ್ರ ಕೆಂಪು ಚುಕ್ಕಿ ಅಂಟಿಸಲಾಗಿತ್ತು. ಬಾಗಿಲಲ್ಲಿ ನಿಂತಾಗಲೇ ಅದು ಅವಳ ಕಣ್ಣಿಗೆ ಬಿದ್ದಿತ್ತು. ಆದರೂ ಏಪ್ರನ್ ತೊಟ್ಟು, ಗುಂಡಿ ಹಾಕಿಕೊಂಡು, ಕಿಟಕಿ ತೆರೆದು, ಕೈಗವಸಿನ ಡಬ್ಬಿಯನ್ನು ಅತ್ತಿಂದಿತ್ತ ಸರಿಸಿ, ಮೇಜು ಒರೆಸಿ, ಒರೆಸಿದ್ದನ್ನೇ ಇನ್ನೊಮ್ಮೆ ಒರೆಸಿ, ಆ ತಟ್ಟೆಯ ಹತ್ತಿರ ಹೋಗುವುದನ್ನು ಆದಷ್ಟು ಮುಂದಕ್ಕೆ ಹಾಕಿದಳು. ಕೆಂಪು ಚುಕ್ಕಿ ಎಂದರೆ ಇಬ್ಬರ ಎಣಿಕೆ ತಾಳೆಯಾಗಿಲ್ಲ ಎಂದು. ಆಸ್ಪತ್ರೆಯ ನಾಲ್ಕನೆಯ ಮಹಡಿಯ ಈ ರಕ್ತಪರೀಕ್ಷೆಯ ಕೋಣೆಯಲ್ಲಿ ಅದೊಂದು ಪದ್ಧತಿ. ಪ್ರತಿ ಮಗುವಿನ ಒಂದು ತೊಟ್ಟು ರಕ್ತವನ್ನು ಗಾಜಿನ ಮೇಲೆ ತೆಳ್ಳಗೆ ಎಳೆದು, ಬಣ್ಣ ಹಾಕಿ, ಒಣಗಿಸಿ, ಸೂಕ್ಷ್ಮದರ್ಶಕದ ಕೆಳಗಿಟ್ಟು ಇನ್ನೂರು ಬಿಳಿಯ ಕಣಗಳನ್ನು ಒಂದೊಂದಾಗಿ ಎಣಿಸಬೇಕು. ಇಬ್ಬರು ಎಣಿಸಬೇಕು, ಒಬ್ಬರದು ಇನ್ನೊಬ್ಬರಿಗೆ ತಿಳಿಯಬಾರದು. ಎರಡು ಚೀಟಿ, ಎರಡು ಲಕೋಟೆ. ಸಂಜೆ ಡಾಕ್ಟರಮ್ಮ ಎರಡನ್ನೂ ಒಡೆದು ನೋಡುತ್ತಾರೆ. ತಾಳೆಯಾದರೆ ಸರಿ, ಆಗದಿದ್ದರೆ ಚುಕ್ಕಿ, ಮೂರನೆಯ ಎಣಿಕೆ ಡಾಕ್ಟರಮ್ಮನದೇ. ತಟ್ಟೆಯ ಪಕ್ಕದಲ್ಲಿ ಎರಡೂ ಚೀಟಿಗಳನ್ನು ಸೇರಿಸಿ ಪಿನ್ನು ಚುಚ್ಚಿಟ್ಟಿದ್ದರು. ಇನ್ನೂರರಲ್ಲಿ ಇಯೋಸಿನೋ ಇಪ್ಪತ್ತೆರಡು ಎಂದು ಒಂದರಲ್ಲಿ. ಆರು ಎಂದು ಇನ್ನೊಂದರಲ್ಲಿ. ಆರು ಎಂದು ಬರೆದವಳು ಅವಳು.

ಇಯೋಸಿನೋ ಎಂದರೆ ಬಿಳಿಯ ಕಣಗಳಲ್ಲೇ ಒಂದು ಜಾತಿ, ಬಣ್ಣ ಹಾಕಿದಾಗ ಮೈತುಂಬ ಕಿತ್ತಳೆಗೆಂಪು ಕಾಳು ತೋರಿಸುವಂಥದು. ಮಗುವಿನ ಶ್ವಾಸನಾಳ ಒಳಗೊಳಗೇ ಬಾತು ಕೆರಳಿದ್ದರೆ ಇವು ರಕ್ತದಲ್ಲಿ ಹೆಚ್ಚುವುದುಂಟು. ಉಬ್ಬಸದ ಮಕ್ಕಳಲ್ಲಿ ಯಾರದು ಹಗುರ, ಯಾರದು ಬಿಗಿ ಎಂದು ರಕ್ತವನ್ನು ನೋಡಿ ಹೇಳಲು ಬರುತ್ತದೆಯೇ ಎಂಬ ಪ್ರಶ್ನೆಯ ಬೆನ್ನು ಹತ್ತಿ ಡಾಕ್ಟರಮ್ಮನಿಗೆ ಮೂರು ವರ್ಷವಾಗಿತ್ತು. "ಮಗುವಿಗೆ ಹೇಳೋಕೆ ಬರಲ್ಲ. ತಾಯಿ ಒಂದಕ್ಕೆ ಹತ್ತು ಸೇರಿಸ್ತಾಳೆ, ಇಲ್ಲ ಹತ್ತರಲ್ಲಿ ಒಂದು ಹೇಳ್ತಾಳೆ. ರಕ್ತಾನೇ ಕೇಳಿಬಿಡೋಣ" ಎಂದು ಅವರು ಮೊದಲ ದಿನವೇ ಹೇಳಿದ್ದರು. ಹಗುರದ ಮಕ್ಕಳು ನಲವತ್ತು, ಬಿಗಿಯ ಮಕ್ಕಳು ನಲವತ್ತು, ಹೋಲಿಸಿ ನೋಡಲು ಏನೂ ಇಲ್ಲದ ಆರೋಗ್ಯವಂತ ಮಕ್ಕಳು ನಲವತ್ತು. ರೋಗದ ಮಕ್ಕಳು ಸಾಲು ಹಿಡಿದು ಬಂದರು. ಆರೋಗ್ಯದ ಮಕ್ಕಳೇ ಸಿಗಲಿಲ್ಲ. ಚೆನ್ನಾಗಿರುವ ಮಗುವಿಗೆ ಸೂಜಿ ಚುಚ್ಚಿಸಲು ಯಾರು ತಾನೇ ಕರೆತರುತ್ತಾರೆ? ಕೊನೆಗೆ ಆಸ್ಪತ್ರೆಯ ಸಿಬ್ಬಂದಿಯೇ ತಮ್ಮ ತಮ್ಮ ಮಕ್ಕಳನ್ನು ಕರೆತಂದರು. ಚಾಲಕನ ಇಬ್ಬರು ಗಂಡುಮಕ್ಕಳು, ಔಷಧಿ ಕೊಡುವವನ ತಂಗಿಯ ಮಗಳು. ಹತ್ತು ದಿನದ ಹಿಂದೆ ಅವಳೂ ತನ್ನ ಎಂಟು ವರ್ಷದ ಮಗಳ ಕೈ ಹಿಡಿದು ಬಂದಿದ್ದಳು. ಕೆಳಗಿನ ನರ್ಸು ರಕ್ತ ತೆಗೆದು ಕೊಳವೆಗೆ ನಂಬರು ಅಂಟಿಸಿದ್ದಳು, ಅಷ್ಟೆ. ಮೇಲೆ ಬರುವುದು ಬರಿಯ ನಂಬರು. ಆದರೆ ಆ ದಿನ ನರ್ಸಿನ ಎರಡು ಕೈಯೂ ತುಂಬಿತ್ತೆಂದು ನಂಬರಿನ ಚೀಟಿಯನ್ನು ಕಿತ್ತುಕೊಟ್ಟವಳು ಇವಳೇ. ಮೂವತ್ತೇಳು.

ಎಣಿಸುವಾಗ ಎಡಗೈ ಬೆರಳುಗಳು ಒಂದು ಪುಟ್ಟ ಪೆಟ್ಟಿಗೆಯ ಮೇಲಿರುತ್ತವೆ. ಐದು ಗುಂಡಿ, ಐದು ಜಾತಿಯ ಕಣ. ಕಣ್ಣು ಮೇಲೆ ಕಂಡದ್ದನ್ನು ಬೆರಳು ಕೆಳಗೆ ಒತ್ತುತ್ತದೆ, ನೂರಾದಾಗ ಪೆಟ್ಟಿಗೆ ಒಮ್ಮೆ ಕಿಣಿ ಎನ್ನುತ್ತದೆ. ಹನ್ನೆರಡು ವರ್ಷದಿಂದ ಇದೇ ಕೆಲಸ. ಮನಸ್ಸು ಸಾಂಬಾರಿಗೆ ಉಪ್ಪು ಹಾಕಿದೆನೋ ಇಲ್ಲವೋ ಎಂದು ಮನೆಯ ಕಡೆ ತಿರುಗಿದ್ದರೂ ಬೆರಳು ತಪ್ಪದು. ಮೊನ್ನೆ ಮೂವತ್ತೇಳನೆಯ ಗಾಜು ಇಟ್ಟುಕೊಂಡು ಕೂತಾಗ ಮೊದಲ ಕಿತ್ತಳೆ ಕಾಳು ಕಂಡಿತು, ಉಂಗುರದ ಬೆರಳು ಅದರ ಗುಂಡಿ ಒತ್ತಿತು. ಎರಡನೆಯದು ಕಂಡಿತು. ಮೂರು. ಆರನೆಯದು ಬಂದಾಗ ಇನ್ನೂ ಐವತ್ತೂ ಆಗಿರಲಿಲ್ಲ. ಏಳನೆಯದಕ್ಕೆ ಉಂಗುರದ ಬೆರಳು ಎದ್ದು, ಇಳಿಯಲಿಲ್ಲ. ನಡುಬೆರಳು ಇಳಿಯಿತು, ಪಕ್ಕದ ಗುಂಡಿಯ ಮೇಲೆ. ಅಲ್ಲಿಂದಾಚೆಗೆ ಪ್ರತಿ ಸಲವೂ ಹಾಗೆಯೇ. ಅವಳು ಬೆರಳನ್ನು ತಡೆಯಲಿಲ್ಲ, ಗದರಿಸಲಿಲ್ಲ. ಬೇರೆಯವರ ಮನೆಯ ಮಗು ಹೂವು ಕೀಳುವುದನ್ನು ಜಗುಲಿಯಲ್ಲಿ ಕೂತು ನೋಡಿದ ಹಾಗೆ ನೋಡುತ್ತಿದ್ದಳು. ಪೆಟ್ಟಿಗೆ ಎರಡು ಸಲ ಕಿಣಿ ಎಂದಿತು. ಚೀಟಿಯಲ್ಲಿ ಆರು ಎಂದು ದುಂಡಗೆ ಬರೆದಳು. ಇನ್ನೂರಕ್ಕೆ ಆರು, ನೂರಕ್ಕೆ ಮೂರು. ಯಾವ ಮನೆಯ ಮಗುವಿಗೂ ಇರಬಹುದಾದಷ್ಟು.

"ಏನೇ, ಬೆಳಗ್ಗೆ ಬೆಳಗ್ಗೆ ಮೇಜಿನ ಚರ್ಮ ಸುಲೀತಾ ಇದ್ದೀಯ" ಎಂದು ಹದ್ದಕ್ಕ ಒಳಗೆ ಬಂದಳು. ಐವತ್ತೆಂಟು ವರ್ಷದ ಹಿರಿಯ ಎಣಿಕೆಗಾರ್ತಿ. ಒಂದು ಕಾಲಕ್ಕೆ ಅವಳ ಕಣ್ಣಿಗೆ ಬೀಳದ ಕಣವಿಲ್ಲ ಎಂದು ಇಟ್ಟ ಹೆಸರು ಅದು. ಮೂರು ತಿಂಗಳ ಹಿಂದೆ ಎಡಗಣ್ಣಿನ ಪೊರೆ ತೆಗೆಸಿಕೊಂಡ ಮೇಲೆ ಅದೇ ಹೆಸರನ್ನು ಜನ ಬೇರೆ ದನಿಯಲ್ಲಿ ಹೇಳುತ್ತಿದ್ದರು. ಹದ್ದಕ್ಕ ಚೀಲವನ್ನು ಮೊಳೆಗೆ ಸಿಕ್ಕಿಸಿ, ತಟ್ಟೆಯತ್ತ ನಡೆದು, ಚೀಟಿಗಳನ್ನು ಮೂಗಿನ ಹತ್ತಿರ ಹಿಡಿದು ಓದಿದಳು.

"ಇಪ್ಪತ್ತೆರಡು ನನ್ನದು" ಎಂದಳು. "ಅಷ್ಟೊಂದು ಹೇಗೆ ಬರೆದೆನೋ."

ಅದೇ ಹೊತ್ತಿಗೆ ಡಾಕ್ಟರಮ್ಮ ಬಂದರು, ಒಂದು ಕೈಯಲ್ಲಿ ಕಡತ, ಇನ್ನೊಂದರಲ್ಲಿ ಅರ್ಧ ಕುಡಿದ ಕಾಫಿ. ಕೆಳಗೆ ರೋಗಿಗಳು ಕಾಯುತ್ತಿರುವಾಗ ಅವರು ಕೂರುವುದಿಲ್ಲ, ಒಂದು ಕಾಲು ಹೊಸ್ತಿಲಾಚೆಗೇ ಇರುತ್ತದೆ.

"ಅಕ್ಕ, ಕಣ್ಣಿಗೆ ಡ್ರಾಪ್ಸ್ ಬಿಡ್ತಾ ಇದ್ದೀರಾ?"

"ಬಿಡ್ತಾ ಇದ್ದೀನಿ ಮೇಡಮ್. ಈಗ ಹೊಸ ಕನ್ನಡಿ ಹಾಗಿದೆ."

"ಒಳ್ಳೇದು." ಡಾಕ್ಟರಮ್ಮ ಚುಕ್ಕಿಯ ಗಾಜನ್ನು ಗದ್ದದಿಂದಲೇ ತೋರಿಸಿದರು. "ಆರೋಗ್ಯದ ಗುಂಪಿನ ಮಗುವಿನಲ್ಲಿ ಇಪ್ಪತ್ತೆರಡು. ಇವರಿಗೆ ಆರು ಸಿಕ್ಕಿದೆ, ನಿಮಗೆ ಇಪ್ಪತ್ತೆರಡು. ಒಂದೆರಡು ಹೆಚ್ಚುಕಮ್ಮಿ ಆದ್ರೆ ಯಾರೂ ಕೇಳಲ್ಲ. ಮೂರೂವರೆಗೆ ಬಂದು ನಾನೇ ನೋಡ್ತೀನಿ. ಒಂದು ಮಾತು, ಬೇಜಾರು ಮಾಡ್ಕೋಬೇಡಿ. ಸೋಮವಾರದಿಂದ ನೀವು ಟ್ಯೂಬ್ ನಂಬರು ಬರ್ಕೊಳ್ಳೋ ಮೇಜಿಗೆ ಬಂದುಬಿಡಿ. ಆರಾಮಾಗಿ ಕೂತು ಮಾಡೋ ಕೆಲಸ."

"ಆಗಲಿ ಮೇಡಮ್" ಎಂದಳು ಹದ್ದಕ್ಕ.

ಆರು ಎಂದು ಬರೆದವಳು ಸಿಂಕಿನ ಮುಂದೆ ನಿಂತು ತೊಳೆದ ಗಾಜುಗಳನ್ನೇ ತೊಳೆಯುತ್ತಿದ್ದಳು. ನಲ್ಲಿಯ ನೀರು ಜೋರಾಗಿ ಬೀಳುತ್ತಿತ್ತು, ಬಾಯಿ ಬಿಡದಿರಲು ಅದೇ ಒಂದು ನೆಪ. ಡಾಕ್ಟರಮ್ಮನ ಚಪ್ಪಲಿಯ ಸದ್ದು ಮೆಟ್ಟಿಲಲ್ಲಿ ಇಳಿದುಹೋದ ಮೇಲೆ ಹದ್ದಕ್ಕ ಕುರ್ಚಿ ಎಳೆದುಕೊಂಡು ಕೂತು ಕನ್ನಡಕ ತೆಗೆದು ಸೆರಗಿನಲ್ಲಿ ಒರೆಸಿದಳು. "ಹದ್ದಿಗೆ ಗೂಡು ತೋರಿಸಿದರು ನೋಡಿದೆಯಾ. ಕೋಳಿಗೂಡು" ಎಂದು ನಕ್ಕಳು. ನಗು ಮುಗಿದ ಮೇಲೂ ಕನ್ನಡಕವನ್ನು ಒರೆಸುತ್ತಲೇ ಇದ್ದಳು.

ಹತ್ತು ದಿನದ ಹಿಂದೆ, ಮಗಳ ರಕ್ತ ತೆಗೆಯುವ ಮೊದಲು, ತುಂಬಲು ಕೊಟ್ಟ ಫಾರಂನಲ್ಲಿ ಏಳು ಪ್ರಶ್ನೆಗಳಿದ್ದವು. ಹೊರರೋಗಿಗಳ ಬೆಂಚು, ದಾರ ಕಟ್ಟಿದ ಪೆನ್ನು, ಪಕ್ಕದಲ್ಲಿ ಕಾಲು ಆಡಿಸುತ್ತ ಕೂತ ಮಗಳು. ಮಗುವಿಗೆ ನೆಗಡಿ ಇಲ್ಲದಾಗಲೂ ಕೆಮ್ಮು ಬರುವುದುಂಟೇ? ಕೆಮ್ಮಿನಿಂದ ನಿದ್ದೆ ಕೆಟ್ಟು ಏಳುವುದುಂಟೇ? ಎದೆಯಲ್ಲಿ ಸಿಳ್ಳೆಯಂಥ ಸದ್ದು ಕೇಳಿದ್ದುಂಟೇ? ಮಗಳು ಕಾಲು ಆಡಿಸುವುದನ್ನು ನಿಲ್ಲಿಸಿ ಪ್ರತಿ ಪ್ರಶ್ನೆಯನ್ನೂ ತುಟಿಯಲ್ಲೇ ಓದುತ್ತಿದ್ದಳು. ಅಪ್ಪ ಚಿನಕುರುಳಿ ಎಂದು ಕರೆಯುವ ಹುಡುಗಿ, ಓದಿದ್ದಕ್ಕೆಲ್ಲ ಒಂದು ಮಾತು ಸೇರಿಸದೆ ಬಿಡುವವಳಲ್ಲ. ಅಮ್ಮನ ಪೆನ್ನು ಮೊದಲ 'ಇಲ್ಲ'ದ ಎದುರು ಗುರುತು ಹಾಕಿತು. ಎರಡನೆಯ 'ಇಲ್ಲ'. ಮೂರನೆಯದರ ಹತ್ತಿರ ಬಂದಾಗ ಮಗಳು ತಲೆಯೆತ್ತಿ ಅವಳ ಮುಖವನ್ನು ನೋಡಿದಳು. ಏನೋ ಕೇಳುತ್ತಾಳೆ ಎಂದುಕೊಂಡಳು. ಮಗಳು ಏನೂ ಕೇಳಲಿಲ್ಲ. ಮತ್ತೆ ಕಾಲು ಆಡಿಸತೊಡಗಿದಳು, ಮೊದಲಿಗಿಂತ ಜೋರಾಗಿ, ತನ್ನ ಆರೋಗ್ಯವನ್ನು ಯಾರಿಗೋ ತೋರಿಸುವವಳ ಹಾಗೆ. ಏಳೂ 'ಇಲ್ಲ'. ನರ್ಸು ಫಾರಂ ತಗೊಂಡು, "ಇಂಥ ಮಕ್ಕಳಿದ್ರೆ ನಮಗೆ ಕೆಲಸಾನೇ ಇರಲ್ಲ" ಎಂದು ಮಗಳ ಕೆನ್ನೆ ಹಿಂಡಿದ್ದಳು. ಆ ಮಾತು ಅವಳಿಗೆ ಎಷ್ಟು ಹಿತವಾಗಿತ್ತೆಂದರೆ ಮನೆಗೆ ಹೋಗುವ ದಾರಿಯುದ್ದಕ್ಕೂ ಅದನ್ನೇ ಚಪ್ಪರಿಸಿದ್ದಳು.

ಸುಳ್ಳು ಎಂದು ತಿಳಿದೇ ಬರೆದಳೆ? ಅತ್ತೆ, "ಶೀತದ ಮೈ, ನಮ್ಮ ಕಡೆಯವರದೆಲ್ಲ ಹಾಗೇ" ಎನ್ನುತ್ತಿದ್ದರು. ಗಂಡ, "ನಿನಗೆ ಕಂಡದ್ದೆಲ್ಲ ಉಬ್ಬಸವೇ. ದರ್ಜಿಗೆ ಎದುರು ಬಂದವರೆಲ್ಲ ಅಳತೆ" ಎನ್ನುತ್ತಿದ್ದ. ಅವರ ಮಾತು ನಂಬಲು ಅವಳಿಗೆ ಇಷ್ಟವಿತ್ತು. ಬೆಳಗಿನ ಜಾವದಲ್ಲಿ ಮಗಳು ಕೆಮ್ಮುವಾಗ ಕಣ್ಣು ಮುಚ್ಚಿ ಮಲಗಿಯೇ ಎಣಿಸುವಳು, ಹನ್ನೊಂದು, ಹನ್ನೆರಡು, ಇನ್ನು ಹತ್ತರೊಳಗೆ ನಿಂತರೆ ಇದು ಏನೂ ಅಲ್ಲ. ಹತ್ತರೊಳಗೆ ನಿಲ್ಲದಿದ್ದರೆ ಇನ್ನೊಂದು ಹತ್ತು ಕೊಡುವಳು. ಎದ್ದು ತಲೆದಿಂಬು ಎತ್ತರಿಸುವಳು, ಬಿಸಿನೀರು ಕುಡಿಸುವಳು, ಬೆನ್ನು ನೀವುವಳು, ಕಿವಿಯನ್ನು ಮಾತ್ರ ಬೆನ್ನಿಗೆ ಹಚ್ಚಳು. ಬೆಳಕು ಹರಿದರೆ ಕೆಮ್ಮು ಕಳ್ಳನ ಹಾಗೆ ಮಾಯ. ಹಾಗಿದ್ದರೆ ಮಗಳನ್ನು ಈ ರಕ್ತಪರೀಕ್ಷೆಗೆ ಯಾಕೆ ಕರೆತಂದಳು? ನಲವತ್ತರ ಲೆಕ್ಕಕ್ಕೆ ಮಕ್ಕಳು ಸಾಲರು ಎಂದೇ? ಅಥವಾ ರಕ್ತವೇ ಹೇಳಿಬಿಡಲಿ, ತಾನು ಬಾಯಿ ಬಿಡುವುದು ತಪ್ಪಲಿ ಎಂದೇ? ಹಾಗಾದರೆ ರಕ್ತ ಹೇಳಲು ಹೊರಟಾಗ ಅದರ ಬಾಯಿಗೆ ಕೈ ಇಟ್ಟದ್ದು ಯಾರು?

ಅವಳ ತಮ್ಮನಿಗೂ ಚಿಕ್ಕಂದಿನಲ್ಲಿ ಉಬ್ಬಸ. ಅವನಿಗೆ ಆಗ ಏಳು ವರ್ಷ, ಅವಳಿಗೆ ಹನ್ನೊಂದು. ಇಡೀ ಮನೆ ತಮ್ಮನ ಉಸಿರಿನ ಸುತ್ತ ತುದಿಗಾಲಿನಲ್ಲಿ ನಡೆಯುತ್ತಿತ್ತು. ಗುಡಿಸುವಾಗ ಧೂಳು ಏಳಬಾರದು, ಒಗ್ಗರಣೆ ಸಿಡಿಯಬಾರದು, ಅವನನ್ನು ನಗಿಸಬಾರದು. ಬಂದವರೆಲ್ಲ ಬಾಗಿಲಲ್ಲೇ, "ಹೇಗಿದ್ದಾನೆ?" ಎನ್ನುವರು, ಅವಳು ಹೇಗಿದ್ದಾಳೆಂದು ಯಾರೂ ಕೇಳರು. ಒಂದು ಮಧ್ಯಾಹ್ನ ಅವನನ್ನು ನೋಡಿಕೊಂಡಿರು ಎಂದು ಅಮ್ಮ ಬಟ್ಟೆ ಒಗೆಯಲು ಹಿತ್ತಲಿಗೆ ಹೋದಳು. ಹಗ್ಗದಾಟಕ್ಕೆ ಗೆಳತಿಯರು ಕರೆದರು. ಅವಳು ಹೋದಳು. ಹಿತ್ತಲಿನಿಂದ ಅಮ್ಮ, "ತಮ್ಮ ಹೇಗಿದ್ದಾನೆ?" ಎಂದು ಕೂಗಿದಳು. "ಮಲಗಿದ್ದಾನೆ" ಎಂದು ಕೂಗಿ ಹೇಳಿ ಹಗ್ಗ ಹಾರಿದಳು, ಮೂವತ್ತರವರೆಗೆ ಒಮ್ಮೆಯೂ ಎಡವದೆ. ಒಳಗೆ ಅವನು ಹಾಸಿಗೆಯ ಮೇಲೆ ಎರಡು ಕೈ ಊರಿ ಕೂತಿದ್ದ, ತುಟಿ ನೇರಳೆಯಾಗಿತ್ತು, ಕರೆಯಲು ಉಸಿರಿರಲಿಲ್ಲ. ಉಳಿದುಕೊಂಡ. ಈಗ ಪುಸ್ತಕ, ಪೆನ್ಸಿಲ್ ಮಾರುವ ಅಂಗಡಿಯಲ್ಲಿ ಕೂರುತ್ತಾನೆ. ಯಾರಾದರೂ ಹಾಸ್ಯ ಮಾಡಿದರೆ ನಗುವ ಮೊದಲು ಅರೆಗಳಿಗೆ ತಡೆಯುತ್ತಾನೆ, ನಗು ಕೆಮ್ಮಾದೀತೋ ಎಂದು. ಆ ಅರೆಗಳಿಗೆಯನ್ನು ಮಗಳ ಮುಖದ ಮೇಲೆ ನೋಡಲು ಅವಳಿಂದ ಆಗದು. ನೋಡಬಾರದೆಂದರೆ ಅದಕ್ಕೆ ಹೆಸರಿಡಬಾರದು. ಇಷ್ಟೇ ಅವಳ ತರ್ಕ, ಇನ್ನೂರು ಕಣಗಳಿಗೆ ಒಂದೊಂದಾಗಿ ಹೆಸರಿಟ್ಟು ಸಂಬಳ ಪಡೆಯುವವಳ ತರ್ಕ.

"ಬಾರೇ ಇಲ್ಲಿ" ಎಂದು ಹದ್ದಕ್ಕ ಕರೆದಾಗ ಊಟದ ಹೊತ್ತು ದಾಟಿತ್ತು. ಡಬ್ಬಿ ಮುಚ್ಚಿಟ್ಟಿದ್ದಳು, ತಿಂದಂತಿರಲಿಲ್ಲ. ಮೂಲೆಯಲ್ಲಿ ಕಲಿಯುವ ವಿದ್ಯಾರ್ಥಿಗಳಿಗೆಂದು ಒಂದು ಹಳೆಯ ಸೂಕ್ಷ್ಮದರ್ಶಕವಿದೆ, ಎರಡು ತಲೆಯದು. ಎದುರುಬದುರು ಕೂತ ಇಬ್ಬರಿಗೂ ಒಂದೇ ಜಾಗ ಕಾಣುತ್ತದೆ, ಹಿಡಿ ತಿರುಗಿಸಿದರೆ ಒಂದು ಪುಟ್ಟ ಬೆಳಕಿನ ಬಾಣ ಬೇಕಾದ ಕಣವನ್ನು ತೋರಿಸುತ್ತದೆ. ಹದ್ದಕ್ಕ ಚುಕ್ಕಿಯ ಗಾಜನ್ನು ಅದರಲ್ಲಿಟ್ಟಿದ್ದಳು.

"ಡಾಕ್ಟರಮ್ಮ ನೋಡೋ ಮುಂಚೆ ಮುಟ್ಟಬಾರದು ಅಕ್ಕ."

"ಮುಟ್ಟೋದಲ್ಲ, ನೋಡೋದು. ಕೂತ್ಕೋ." ಹದ್ದಕ್ಕನ ದನಿಯಲ್ಲಿ ಬೆಳಗಿನ ನಗೆ ಇರಲಿಲ್ಲ. "ಮೂವತ್ತು ವರ್ಷ ಎಣಿಸಿದ್ದೀನಿ. ನನ್ನ ಕಣ್ಣು ಹೋಗಿದ್ರೆ ಹೋಗಿದೆ ಅಂತ ನಾನೇ ತಿಳ್ಕೋಬೇಕು. ಸೋಮವಾರ ಇನ್ನೊಬ್ಬರು ಹೇಳಿದ್ದಕ್ಕೆ ಎದ್ದು ಹೋಗೋದು ಬೇರೆ. ನಾನು ಬಾಣ ಇಡ್ತೀನಿ, ಅದು ಏನು ಅಂತ ನೀನು ಹೇಳು. ನನಗೆ ಕಾಣೋದೇ ನಿನಗೂ ಕಾಣುತ್ತಾ ನೋಡೋಣ."

ಅವಳು ಕೂತಳು. ಕಣ್ಣನ್ನು ಮಸೂರಕ್ಕೆ ಹಚ್ಚಿದಳು. ಮಬ್ಬು ಗುಲಾಬಿಯ ಬಯಲು, ಅದರಲ್ಲಿ ಚೆದುರಿದ ಕಣಗಳು. ಮಗಳ ಮೊಣಕೈಯ ಒಳಮಡಿಕೆಯಿಂದ ಬಂದವು. ಸೂಜಿ ಚುಚ್ಚುವಾಗ ಮಗಳು ಅಳಲಿಲ್ಲ, ಇವಳ ಏಪ್ರನ್ನಿನ ಗುಂಡಿಯನ್ನು ಹಿಡಿದುಕೊಂಡಿದ್ದಳು. ಬಾಣ ಹರಿದುಬಂದು ಒಂದರ ಪಕ್ಕ ನಿಂತಿತು.

"ಇದು?"

"ನ್ಯೂಟ್ರೋ" ಎಂದಳು, ಬಿಳಿಯ ಕಣಗಳಲ್ಲೇ ಅತಿ ಸಾಮಾನ್ಯವಾದ ಜಾತಿ.

"ಇದು?"

"ಅದೂ ಅದೇ."

"ಸರಿ. ಇದು?"

ಎರಡು ದಳದ ನೀಲಿ ಕೇಂದ್ರ, ಸುತ್ತ ಕಿಕ್ಕಿರಿದ ಕಿತ್ತಳೆ ಕಾಳು. ಮೊದಲ ವರ್ಷದ ಹುಡುಗಿಯರೂ ತಪ್ಪದ ಕಣ. ಅವಳಿಗೆ ಹದ್ದಕ್ಕನ ಉಸಿರು ಕೇಳುತ್ತಿತ್ತು, ಅಷ್ಟು ಹತ್ತಿರ ಇಬ್ಬರ ಹಣೆ. ಸುಳ್ಳು ಹೇಳಿದರೆ ಈ ಹೆಂಗಸು ನಂಬುತ್ತಾಳೆ. ತನ್ನ ಕಣ್ಣನ್ನು ಬಿಟ್ಟು ಇವಳ ಬಾಯನ್ನು ನಂಬುತ್ತಾಳೆ, ಸೋಮವಾರ ಎದ್ದು ಆ ಇನ್ನೊಂದು ಮೇಜಿಗೆ ಹೋಗಿ ಕೂರುತ್ತಾಳೆ.

"ಇಯೋಸಿನೋ" ಎಂದಳು.

"ಇದು?"

"ಇಯೋಸಿನೋ."

ಬಾಣ ಜಾರಿತು, ನಿಂತಿತು, ಜಾರಿತು. ಒಂದೊಂದು ಸಲ ಅವಳು ಹೇಳುವಾಗಲೂ ಎದುರಿನ ಉಸಿರು ಸ್ವಲ್ಪ ಹಗುರಾಗುತ್ತಿತ್ತು, ಇವಳದು ಸ್ವಲ್ಪ ಬಿಗಿಯುತ್ತಿತ್ತು. ಒಂಬತ್ತು ಇಯೋಸಿನೋ ಆದ ಮೇಲೆ ಹದ್ದಕ್ಕ ತಲೆಯೆತ್ತಿ ಬೆನ್ನು ನೆಟ್ಟಗೆ ಮಾಡಿದಳು. "ಅಂದ್ರೆ ನನ್ನ ಕಣ್ಣಿಗೇನೂ ಆಗಿಲ್ಲ" ಎಂದಳು, ಯಾರಿಗೋ ಶುಭವಾರ್ತೆ ಹೇಳುವವಳಂತೆ. ಆಮೇಲೆ ನಿಧಾನವಾಗಿ ಅವಳತ್ತ ತಿರುಗಿದಳು. "ಹಾಗಾದ್ರೆ ನೀನು ಆರು ಹೇಗೆ ಬರೆದೆ?"

"ಬೆರಳು ತಪ್ಪಿತು ಅಕ್ಕ."

"ಹದಿನಾರು ಸಲ?"

ಕಿಟಕಿಯ ಹೊರಗೆ ಯಾರೋ ಸ್ಕೂಟರನ್ನು ಒದೆಯುತ್ತಿದ್ದರು, ಅದು ಚಾಲೂ ಆಗುತ್ತಿರಲಿಲ್ಲ. ಹದ್ದಕ್ಕ ಸೂಕ್ಷ್ಮದರ್ಶಕದ ದೀಪ ಆರಿಸಿದಳು. "ಹೋಗಲಿ ಬಿಡು, ಏನೋ ಯೋಚನೆಯಲ್ಲಿದ್ದೆ. ಮನೆ ಅಂದ ಮೇಲೆ ನೂರಿರುತ್ತೆ. ನನಗೆ ಸಿಟ್ಟು ಬರೋದು ಈ ಮಗುವಿನ ತಾಯಿ ಮೇಲೆ. ಇಷ್ಟಿದೆ ಅಂದ್ರೆ ಮನೇಲಿ ಕೆಮ್ಮಿರುತ್ತೆ, ಸಿಳ್ಳೆ ಹೊಡೆದಿರುತ್ತೆ. ಫಾರಂ ತುಂಬ 'ಇಲ್ಲ' ಅಂತ ಗೀಚಿ ಹೋಗಿದ್ದಾಳೆ ಪುಣ್ಯಾತ್ಗಿತ್ತಿ. ಕರೆದು ಕಪಾಳಕ್ಕೆ ಎರಡು ಬಿಗಿಬೇಕು."

"ಹೌದು" ಎಂದಳು ಅವಳು. ಕೆನ್ನೆ ನಿಜವಾಗಿಯೂ ಬಿಸಿಯಾಗಿತ್ತು.

ಮೂರೂವರೆಗೆ ಹತ್ತು ನಿಮಿಷ ಇರುವಾಗಲೇ ಡಾಕ್ಟರಮ್ಮ ಬಂದರು. ಈ ಸಲ ಕೂತರು. ಪೆಟ್ಟಿಗೆಯ ಗುಂಡಿಗಳು ಟಕಟಕ ಎನ್ನುತ್ತಿದ್ದಷ್ಟು ಹೊತ್ತೂ ಅವಳು ಬಾಗಿಲ ಹತ್ತಿರದ ಕಪಾಟಿಗೆ ಬೆನ್ನು ಕೊಟ್ಟು ನಿಂತಿದ್ದಳು. ಗುಂಡಿಗಳ ಸದ್ದು ಒಂದೇ, ಯಾವ ಬೆರಳು ಎಂದು ಕಿವಿಗೆ ತಿಳಿಯದು. ಆದರೂ ಪ್ರತಿ ಸದ್ದನ್ನೂ ತೂಗುತ್ತಿದ್ದಳು. ಕಿಣಿ. ಮತ್ತೆ ಟಕಟಕ. ಕಿಣಿ. ಡಾಕ್ಟರಮ್ಮ ಮೂಗಿನ ಮೇಲಿನ ಕನ್ನಡಕದ ಗುರುತನ್ನು ಉಜ್ಜಿಕೊಂಡರು.

"ಇಪ್ಪತ್ತಮೂರು. ಅಕ್ಕ, ನಿಮ್ಮ ಕಣ್ಣಿಗೆ ಶರಣು. ಸೋಮವಾರದ ಮಾತು ಮರೆತುಬಿಡಿ."

"ನಾನು ಕೇಳಿಸಿಕೊಂಡೇ ಇರಲಿಲ್ಲ ಮೇಡಮ್" ಎಂದಳು ಹದ್ದಕ್ಕ.

"ನೀವು ಸ್ವಲ್ಪ ಗಮನ ಕೊಡಿ" ಎಂದು ಡಾಕ್ಟರಮ್ಮ ಅವಳತ್ತ ನೋಡಿದರು. ಅಷ್ಟೆ. ಬೈಗುಳವಿಲ್ಲ, ಪ್ರಶ್ನೆಯಿಲ್ಲ. ಹನ್ನೆರಡು ವರ್ಷದ ದುಡಿಮೆಗೆ ಸಿಕ್ಕ ರಿಯಾಯಿತಿ. "ಈ ಮಗುವನ್ನು ಆರೋಗ್ಯದ ಗುಂಪಿನಿಂದ ತೆಗೆದುಹಾಕೋದು. ಬೇರೆ ಮಗು ಹುಡುಕೋಣ. ಇಯೋಸಿನೋ ಏರಿದ ಮಾತ್ರಕ್ಕೆ ಉಬ್ಬಸ ಅಂತ ಹೇಳೋಕಾಗಲ್ಲ. ಹೊಟ್ಟೆಹುಳ ಇದ್ರೂ ಏರುತ್ತೆ, ಚರ್ಮದ ತುರಿಕೆ ಇದ್ರೂ ಏರುತ್ತೆ. ಒಂದು ಹುಳದ ಮಾತ್ರೆ ಕೊಡಿಸಿ ಅಂತ ಮನೆಗೆ ಕಾಗದ ಬರೆದರಾಯ್ತು."

ಎಲ್ಲ ಎಷ್ಟು ಸುಲಭವಾಗಿ ಸಡಿಲವಾಯಿತು. ಹದ್ದಕ್ಕನ ಮೇಜು ಹದ್ದಕ್ಕನಿಗೆ ಉಳಿಯಿತು. ಮೂವತ್ತೇಳು ಎಂಬ ನಂಬರು ಪಟ್ಟಿಯಿಂದ ಹೋಗುತ್ತದೆ, ಕಾಗದ ಅವಳ ಕೈಗೇ ಬರುತ್ತದೆ, ಹುಳದ ಮಾತ್ರೆಯನ್ನು ಬೆಲ್ಲದ ಜೊತೆ ಕೊಡಬಹುದು. ಇನ್ನು ಅವಳು ಸುಮ್ಮನಿದ್ದರೆ ಯಾರಿಗೂ ನಷ್ಟವಿಲ್ಲ, ಒಬ್ಬಳಿಗೆ ಬಿಟ್ಟು. ಮೂರು ವರ್ಷ ರಕ್ತವನ್ನು ಕೇಳುತ್ತ ಕೂತರೂ ಡಾಕ್ಟರಮ್ಮನಿಗೆ ಅದು ಅರ್ಧವೇ ಹೇಳುವುದು. ಉಳಿದರ್ಧ ಹೇಳಬೇಕಾದವಳು ಕಪಾಟಿಗೆ ಒರಗಿ ನಿಂತಿದ್ದಾಳೆ.

"ಆದರೂ" ಎಂದು ಡಾಕ್ಟರಮ್ಮ ಎದ್ದವರು ಮತ್ತೆ ಕೂತರು, "ಇಪ್ಪತ್ತಮೂರು ಅಂದ್ರೆ ಸುಮ್ಮನೆ ಬಿಡೋ ಹಾಗಿಲ್ಲ. ಆ ತಾಯಿಯನ್ನ ಒಂದು ಮಾತು ಕೇಳಿಬಿಡ್ತೀನಿ. ನರ್ಸು ರಜೆ. ಆ ಫೋನ್ ನಂಬರಿನ ಪಟ್ಟಿ ಕೊಡಿ." ಕಡತದ ಹಿಂಬದಿಯ ಮುಚ್ಚಿದ ಲಕೋಟೆಯಲ್ಲಿ ನಂಬರುಗಳಿಗೆ ಎದುರಾಗಿ ದೂರವಾಣಿ ಸಂಖ್ಯೆಗಳಿದ್ದವು, ಹೆಸರಿಲ್ಲ. ಹದ್ದಕ್ಕ ಲಕೋಟೆ ಎತ್ತಿಕೊಟ್ಟಳು. ಡಾಕ್ಟರಮ್ಮ ಬೆರಳಿಟ್ಟು ಕೆಳಗಿಳಿಸುತ್ತ ಮೂವತ್ತೇಳಕ್ಕೆ ಬಂದು ನಿಂತರು. ಮೇಜಿನ ಮೇಲಿನ ಬೂದು ಫೋನಿನ ರಿಸೀವರನ್ನು ಕಿವಿಗೆ ಸಿಕ್ಕಿಸಿಕೊಂಡು ಒಂದೊಂದೇ ಅಂಕಿ ಒತ್ತತೊಡಗಿದರು.

ಹತ್ತು ಅಂಕಿ. ಒಂಬತ್ತನೆಯದಕ್ಕೆ ಹೇಳಿಬಿಡಬೇಕು ಎಂದುಕೊಂಡಳು. ಆರಾಯಿತು. ಒಂಬತ್ತು ದಾಟಿತು. ಏಪ್ರನ್ನಿನ ಜೇಬಿನಲ್ಲಿ ಅವಳ ಮೊಬೈಲು ನಡುಗಿತು, ಆಮೇಲೆ ಮಗಳು ಹಾಕಿಕೊಟ್ಟಿದ್ದ ಹಕ್ಕಿಯ ದನಿಯಲ್ಲಿ ಚಿಲಿಪಿಲಿ ಎಂದು ಕೂಗತೊಡಗಿತು.

"ಅದನ್ನ ನಿಲ್ಲಿಸಿ" ಎಂದರು ಡಾಕ್ಟರಮ್ಮ, ರಿಸೀವರಿನಲ್ಲಿ ಕಿವಿಯಿಟ್ಟು.

ಅವಳು ಜೇಬಿನಿಂದ ತೆಗೆದಳು. ನಿಲ್ಲಿಸುವ ಗುಂಡಿ ಎಡಕ್ಕಿತ್ತು, ತೆಗೆಯುವ ಗುಂಡಿ ಬಲಕ್ಕೆ. ಬೆರಳು ಅರೆಗಳಿಗೆ ಮೇಲೆ ನಿಂತಿತು. ಈ ಸಲ ಅವಳು ಅದನ್ನು ನೋಡುತ್ತ ಕೂರಲಿಲ್ಲ, ಒತ್ತಿದಳು. ಕಿವಿಗೆ ಹಿಡಿದಳು.

"ಹಲೋ" ಎಂದರು ಡಾಕ್ಟರಮ್ಮ. "ಆಸ್ಪತ್ರೆಯಿಂದ ಮಾತಾಡ್ತಾ ಇದ್ದೀನಿ. ರಕ್ತ ಕೊಟ್ಟ ಮಗುವಿನ ತಾಯೀನಾ?"

ಆ ದನಿ ಕೋಣೆಯಲ್ಲೊಮ್ಮೆ, ಅದರ ಬೆನ್ನಿಗೇ ಫೋನಿನಲ್ಲಿ ಇನ್ನೊಮ್ಮೆ ಕೇಳಿತು.

"ಹೌದು ಮೇಡಮ್" ಎಂದಳು ಅವಳು.

ಹದ್ದಕ್ಕನ ಕೈಯಲ್ಲಿದ್ದ ಕನ್ನಡಕ ಕೈಯಲ್ಲೇ ಉಳಿಯಿತು. ಡಾಕ್ಟರಮ್ಮ ತಲೆ ತಿರುಗಿಸಿ ನೋಡಿದರು. ಮೇಜಿನಿಂದ ಕಪಾಟಿಗೆ ಎಂಟು ಹೆಜ್ಜೆ. ರಿಸೀವರನ್ನು ಕೆಳಗಿಡಬಹುದಿತ್ತು. ಇಡಲಿಲ್ಲ. ಕುರ್ಚಿಯನ್ನು ಗೋಡೆಯತ್ತ ತಿರುಗಿಸಿ, ಬೆನ್ನು ಹಾಕಿ ಕೂತು, ಮೊದಲಿನದೇ ದನಿಯಲ್ಲಿ ಕೇಳಿದರು. "ಮಗುವಿಗೆ ಕೆಮ್ಮಿನಿಂದ ಎಚ್ಚರ ಆಗುತ್ತಾ?"

"ಆಗುತ್ತೆ."

"ವಾರಕ್ಕೆ ಎಷ್ಟು ಸಲ?"

"ಮೂರು. ಹೋದ ವಾರ ಐದು."

"ಎದೆಯಲ್ಲಿ ಸದ್ದು?"

ಬೆನ್ನನ್ನು ನೋಡುತ್ತ ಮಾತಾಡುವುದು ಸಾಧ್ಯವಿತ್ತು. "ನಾನು ಕಿವಿಯಿಟ್ಟು ಕೇಳಿಲ್ಲ ಮೇಡಮ್. ಇಡೋಕೆ ಹೆದರಿಕೆ. ಇಡದಿದ್ರೂ ಕೇಳುತ್ತೆ."

"ಎಷ್ಟು ದಿನದಿಂದ?"

"ಎಂಟು ತಿಂಗಳು. ಒಂದು ವರ್ಷವೇ ಅನ್ನಿ."

"ಆಟ ಆಡುವಾಗ, ಓಡುವಾಗ?"

"ನನ್ನ ಮುಂದೆ ಓಡಲ್ಲ" ಎಂದಳು, ಮತ್ತು ಆ ಮಾತು ಬಾಯಿಂದ ಹೊರಬಿದ್ದ ಮೇಲೆ ಅದರ ಅರ್ಥ ಅವಳಿಗೇ ಹೊಸದಾಗಿ ಹೊಳೆಯಿತು. ಎಷ್ಟು ತಿಂಗಳಾಯಿತು ಮಗಳು ತನ್ನ ಮುಂದೆ ಓಡದೆ? ಬೆಂಚಿನ ಮೇಲೆ ಜೋರಾಗಿ ಆಡುತ್ತಿದ್ದ ಕಾಲುಗಳು, ಏನೂ ಕೇಳದೆ ತಗ್ಗಿದ ಮುಖ.

"ಮಗು ಈಗ ಎಲ್ಲಿದೆ?"

ಶಾಲೆಯ ವ್ಯಾನು ದಿನವೂ ಮಗಳನ್ನು ಮೂರೂವರೆಗೆ ಆಸ್ಪತ್ರೆಯ ಗೇಟಿನಲ್ಲಿ ಬಿಡುತ್ತದೆ. ಲಿಫ್ಟು ಹಾಸಿಗೆಯ ರೋಗಿಗಳಿಗೆ ಮಾತ್ರ. ಗೋಡೆಯ ಗಡಿಯಾರ ನಾಲ್ಕಕ್ಕೆ ಹದಿನೈದು ನಿಮಿಷ ಇದೆ ಎನ್ನುತ್ತಿತ್ತು. ನಾಲ್ಕು ಮಹಡಿ ಹತ್ತಲು ಎಂಟು ವರ್ಷದ ಕಾಲಿಗೆ ಮೂರು ನಿಮಿಷ ಸಾಕು. ದಿನವೂ ಮಗಳು ಬರುವುದು ನಾಲ್ಕಕ್ಕೆ, ದಿನವೂ ಅವಳು ಅದನ್ನು ವ್ಯಾನಿನ ತಡ ಎಂದುಕೊಂಡಿದ್ದಳು. "ಮೆಟ್ಟಿಲಲ್ಲಿ" ಎಂದಳು. ಫೋನನ್ನು ಕೈಯಲ್ಲಿ ಹಿಡಿದೇ ಹೊರಗೆ ನಡೆದಳು.

ಮೂರನೆಯ ಮಹಡಿಯ ತಿರುವಿನಲ್ಲಿ ಯಾರೂ ಇರಲಿಲ್ಲ. ಇನ್ನೂ ಇಳಿದಳು. ಎರಡನೆಯದರ ತಿರುವಿನಲ್ಲಿ, ಕಿಟಕಿಯ ಕೆಳಗೆ, 'ಉಗುಳಬೇಡಿ' ಎಂದು ಬರೆದ ಗೋಡೆಗೆ ಒರಗಿ ಮಗಳು ಕೂತಿದ್ದಳು. ಶಾಲೆಯ ಚೀಲವನ್ನು ತೊಡೆಯ ಮೇಲಿಟ್ಟು ಎರಡು ಅಂಗೈಯನ್ನೂ ಅದರ ಮೇಲೆ ಊರಿದ್ದಳು. ಭುಜಗಳು ಏರುತ್ತಿದ್ದವು, ಇಳಿಯುತ್ತಿದ್ದವು. ಅಮ್ಮನ ಚಪ್ಪಲಿ ಕಂಡದ್ದೇ ಭುಜಗಳು ನಿಂತವು. ಮಗಳು ಬಾಯಿ ಮುಚ್ಚಿ, ಉಸಿರು ಹಿಡಿದು, ಬೆನ್ನು ನೆಟ್ಟಗೆ ಮಾಡಿ, ನಕ್ಕಳು.

"ಮೆಟ್ಟಿಲು ಎಣಿಸ್ತಾ ಇದ್ದೆ" ಎಂದಳು, ಒಂದೇ ಸಲಕ್ಕೆ.

"ಎಷ್ಟಾಯ್ತು?"

ಮಗಳು ಉತ್ತರಕ್ಕೆ ಬಾಯಿ ತೆರೆದಳು. ಸಂಖ್ಯೆ ಹೇಳುವಷ್ಟು ಉಸಿರು ಅವಳಲ್ಲಿ ಉಳಿದಿರಲಿಲ್ಲ. ಕಣ್ಣು ಮಾತ್ರ ಅಮ್ಮನ ಮುಖದ ಮೇಲಿತ್ತು, ಹೆದರಿದ್ದಾಳೋ ಇಲ್ಲವೋ ಎಂದು ಹುಡುಕುತ್ತ.

ಅವಳು ಮೆಟ್ಟಿಲ ಮೇಲೆ ಮಗಳ ಪಕ್ಕ ಕೂತಳು. ಧೂಳಿತ್ತು, ಬಿಳಿಯ ಏಪ್ರನ್ನು. "ಹೇಳಬೇಡ ಪುಟ್ಟ. ನನ್ನ ಮುಂದೆ ಹಿಡಿದಿಟ್ಟುಕೋಬೇಡ. ಬಿಡು" ಎಂದಳು. ಮಗಳನ್ನು ಮೆಲ್ಲಗೆ ಮುಂದಕ್ಕೆ ಬಾಗಿಸಿ, ಆ ಪುಟ್ಟ ಬೆನ್ನಿಗೆ, ಸಮವಸ್ತ್ರದ ಬೆವರಿನ ವಾಸನೆಗೆ, ಕಿವಿ ಹಚ್ಚಿದಳು. ಮಗಳು ಉಸಿರು ಬಿಟ್ಟಳು. ಒಳಗೆ ಎಲ್ಲೋ ಸಂದಿನಲ್ಲಿ ಗಾಳಿ ನುಗ್ಗುವ ಸಣ್ಣ ಸಿಳ್ಳೆ, ಉದ್ದವಾಗಿ, ಕೊನೆಯಲ್ಲಿ ಎರಡಾಗಿ ಒಡೆದು. ಇನ್ನೊಮ್ಮೆ. ಇನ್ನೊಮ್ಮೆ. ಅವಳು ಎಣಿಸಲಿಲ್ಲ.

ಮೇಲಿನಿಂದ ಚಪ್ಪಲಿಗಳ ಸದ್ದು ಬೇಗ ಬೇಗ ಇಳಿದುಬರುತ್ತಿತ್ತು. ಅವಳು ಮಗಳ ಬೆನ್ನಿನಿಂದ ಕಿವಿ ತೆಗೆಯದೆಯೇ, ಡಾಕ್ಟರಮ್ಮನಿಗೆ ಜಾಗವಾಗಲೆಂದು ಗೋಡೆಯತ್ತ ಸರಿದಳು.